ಬಿಡುವವನ ಹಿಡಿತ: ಗ್ರೀಕಿನ ‘ಅಫಿಯೇಮಿ’ ಮತ್ತು ಬೆಂಗಳೂರು ಗ್ರಾಮಾಂತರ ಶಾಸನಗಳ ‘ಬಿಡು’

ಗ್ರೀಕ್ ಮತ್ತು ಕನ್ನಡಗಳ ಸಂಬಂಧದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ವಿದ್ವತ್ತು ಪ್ರಾಯಃ ಎರಡು ದಾರಿಗಳಲ್ಲಿ ನಡೆದಿದೆ. ಮೊದಲನೆಯದು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ, ಗ್ರೆನ್‌ಫೆಲ್ ಮತ್ತು ಹಂಟ್ ೧೯೦೩ರಲ್ಲಿ ಪ್ರಕಟಿಸಿದ, ೪೧೩ನೆಯ ಸಂಖ್ಯೆಯ ಪ್ರಹಸನದ ದಾರಿ. ಅದರಲ್ಲಿ ಭಾರತೀಯ ಪಾತ್ರಗಳ ಬಾಯಲ್ಲಿ ಬರುವ ಅಪರಿಚಿತ ಮಾತುಗಳು ಕನ್ನಡವಾಗಿರಬಹುದೆಂದು ಶಾಸನತಜ್ಞ ಹುಲ್ಟ್ಷ್ ೧೯೦೪ರಲ್ಲಿ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಮೊದಲಾದವರು ಆ ಚರ್ಚೆಯನ್ನು ಮುಂದುವರಿಸಿದರು. ಎರಡನೆಯದು ನಾಟಕದ ದಾರಿ. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ಮತ್ತು ‘ಪಾರಸಿಕರು’ ಕೃತಿಗಳಿಂದ ಗ್ರೀಕ್ ದುರಂತದ ಗಾಂಭೀರ್ಯ ಕನ್ನಡಕ್ಕೆ ಬಂದಿತು. ಎರಡೂ ದಾರಿಗಳು ಫಲಪ್ರದವಾದವೇ. ಆದರೆ ಒಂದು ಪ್ರಹಸನದ ಹತ್ತಾರು ಪದಗಳು ನಮ್ಮವೇ ಅಲ್ಲವೇ ಎಂಬುದಕ್ಕೆ ವ್ಯಯವಾದ ಶ್ರಮದ ಒಂದಂಶವಾದರೂ, ಅದೇ ಈಜಿಪ್ಟಿನ ಮರಳಿನಿಂದ ಹೊರಬಂದ ಸಾವಿರಾರು ಕಂದಾಯಪತ್ರ, ರಾಜಾಜ್ಞೆ, ಅರ್ಜಿಗಳ ಗ್ರೀಕಿನತ್ತ ಹರಿಯಲಿಲ್ಲ. ಆ ಗ್ರೀಕು ಭೂಮಿ, ನೀರು, ತೆರಿಗೆ, ಗುಡಿ ಇವುಗಳನ್ನು ಕುರಿತದ್ದು. ನಮ್ಮ ಶಾಸನಗಳ ಕನ್ನಡವೂ ಅವನ್ನೇ ಕುರಿತದ್ದು.

ಪ್ರಹಸನ ಬೆಳಕು ಕಂಡ ಎರಡೇ ವರ್ಷಗಳಲ್ಲಿ, ೧೯೦೫ರಲ್ಲಿ, ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಒಂಬತ್ತನೆಯ ಸಂಪುಟ ಹೊರಬಂದಿತು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳು ಒಟ್ಟಾಗಿ ಅಚ್ಚಾದದ್ದು ಆ ಸಂಪುಟದಲ್ಲಿ. ಮೂಲಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರನ್ನೂ ಒಳಗೊಂಡ ಈ ಗ್ರಂಥಕ್ಕೆ ಈ ಪ್ರದೇಶದ ಇತಿಹಾಸ ಬರೆದವರೆಲ್ಲರೂ ಋಣಿಗಳು. ಅವರಲ್ಲಿ ಹಲವರು ಅನುವಾದದ ಮೂಲಕವೇ ಮೂಲವನ್ನು ಓದಿದವರು ಎಂಬುದನ್ನೂ ಹೇಳಬೇಕು. ಪ್ರಸ್ತುತ ಲೇಖನದ ಆಸಕ್ತಿ ಆ ಅನುವಾದದಲ್ಲಿ ಮರೆಯಾಗುವ ಒಂದು ಕನ್ನಡ ಧಾತುವಿನಲ್ಲಿದೆ. ಆ ಧಾತು ‘ಬಿಡು’. ಅದನ್ನು ನೋಡಲು ‘ಅಫಿಯೇಮಿ’ ಎಂಬ ಗ್ರೀಕ್ ಧಾತುವನ್ನು ಕನ್ನಡಿಯಾಗಿ ಹಿಡಿಯಲಾಗಿದೆ.

ಮೊದಲು ಕನ್ನಡಿಯ ವಿಷಯ. ‘ಅಪೊ’ ಎಂದರೆ ‘ಇಂದ ಆಚೆಗೆ’, ‘ಹಿಯೇಮಿ’ ಎಂದರೆ ‘ಕಳಿಸು, ಚಲಿಸುವಂತೆ ಮಾಡು’. ಎರಡೂ ಸೇರಿ, ಪಕಾರವು ಮುಂದಿನ ಹಕಾರದೊಡನೆ ಬೆರೆತು, ‘ಅಫಿಯೇಮಿ’ ಆಗಿದೆ. ೧೮೪೩ರಲ್ಲಿ ಮೊದಲು ಅಚ್ಚಾಗಿ ಇಂದಿಗೂ ಪ್ರಮಾಣವಾಗಿರುವ ಲಿಡೆಲ್ ಮತ್ತು ಸ್ಕಾಟ್ ಅವರ ಕೋಶದಲ್ಲಿ ಈ ಧಾತುವಿನ ಅರ್ಥಗಳನ್ನು ಓದುತ್ತ ಹೋದರೆ ಕೋಶಕಾರನಿಗೆ ಮತಿಭ್ರಮೆಯಾಯಿತೇ ಎನಿಸುವಷ್ಟು ವೈವಿಧ್ಯವಿದೆ: ಬಾಣ ಎಸೆ, ದನಿ ಹೊರಡಿಸು, ಸೆರೆಯಿಂದ ಬಿಡುಗಡೆಮಾಡು, ಆರೋಪದಿಂದ ಮುಕ್ತಗೊಳಿಸು, ಹೆಂಡತಿಯನ್ನು ತ್ಯಜಿಸು, ಸಾಲ ವಜಾಮಾಡು, ಅಪರಾಧ ಕ್ಷಮಿಸು, ಇದ್ದಲ್ಲೇ ಇರಗೊಡು, ಅನುಮತಿಸು. ಇಂಗ್ಲಿಷ್ ಓದುಗನಿಗೆ ಇವು ಹತ್ತು ಬೇರೆ ಬೇರೆ ಕ್ರಿಯೆಗಳು. ಕನ್ನಡ ಓದುಗನಿಗೆ ಇಷ್ಟು ಗೊಂದಲವಾಗಬೇಕಿಲ್ಲ. ಬಾಣ ಬಿಟ್ಟ, ಉಸಿರು ಬಿಟ್ಟ, ಸೆರೆಯಿಂದ ಬಿಟ್ಟ, ಹೆಂಡತಿಯನ್ನು ಬಿಟ್ಟ, ಬಡ್ಡಿ ಬಿಟ್ಟ, ಅಲ್ಲೇ ಬಿಟ್ಟ, ಒಳಗೆ ಬಿಟ್ಟ ಎಂದು ಒಂದೇ ಧಾತುವಿನಿಂದ ಇವುಗಳಲ್ಲಿ ಬಹುಪಾಲನ್ನು ಅವನು ದಿನವೂ ಆಡುತ್ತಾನೆ.

ಈ ಹೋಲಿಕೆ ಎಷ್ಟು ದೂರ ಹೋಗುತ್ತದೆಂಬುದಕ್ಕೆ ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದ ಇಪ್ಪತ್ತೇಳನೆಯ ಅಧ್ಯಾಯವನ್ನು ನೋಡಬಹುದು. ಅಲ್ಲಿ ನಲವತ್ತೊಂಬತ್ತನೆಯ ವಚನದಲ್ಲಿ ನೆರೆದವರು ‘ಇರಲಿ ಬಿಡು, ನೋಡೋಣ’ ಎನ್ನುವಲ್ಲಿ ಈ ಧಾತುವಿನ ವಿಧ್ಯರ್ಥ ರೂಪ ‘ಅಫೆಸ್’ ಬಂದಿದೆ. ಮರುವಚನದಲ್ಲೇ ಶಿಲುಬೆಯ ಮೇಲಿದ್ದವನು ‘ಪ್ರಾಣ ಬಿಟ್ಟನು’ ಎನ್ನಲು ಅದೇ ಧಾತು. ಕನ್ನಡದಲ್ಲಿ ಎರಡೂ ಕಡೆ ‘ಬಿಡು’ ಅನಾಯಾಸವಾಗಿ ಕೂಡುತ್ತದೆ. ಈ ‘ಅಫೆಸ್’ ಎಂಬುದೇ ಮುಂದೆ ಸವೆದು ಆಧುನಿಕ ಗ್ರೀಕಿನಲ್ಲಿ ‘ಅಸ್’ ಎಂಬ ಅವ್ಯಯವಾಗಿ, ‘ಮಾಡೋಣ, ಹೋಗಲಿ’ ಎಂಬ ಭಾವವನ್ನಷ್ಟೇ ಸೂಚಿಸುವ ಸ್ಥಿತಿಗೆ ಬಂದಿದೆ. ಕನ್ನಡದ ‘ಬಿಡು’ ಕೂಡ ‘ಮಾಡಿಬಿಡು’, ‘ಹೋಗಿಬಿಟ್ಟ’ ಎಂಬಲ್ಲಿ ಸಹಾಯಕ ಧಾತುವಾಗಿಯೂ, ‘ಅದೇನು ದೊಡ್ಡದಲ್ಲ ಬಿಡಿ’ ಎಂಬಲ್ಲಿ ಬರಿಯ ಭಾವಸೂಚಕವಾಗಿಯೂ ತನ್ನ ಮೂಲಾರ್ಥದ ಭಾರವನ್ನು ಇಳಿಸಿಕೊಂಡಿದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಈ ಸಾದೃಶ್ಯದಿಂದ ಎರಡು ಭಾಷೆಗಳ ನಡುವೆ ರಕ್ತಸಂಬಂಧ ಕಲ್ಪಿಸುವ ಉತ್ಸಾಹಕ್ಕೆ ಎಡೆಯಿಲ್ಲ. ‘ಬಿಡು’ ಶುದ್ಧ ದ್ರಾವಿಡ ಧಾತು. ತಮಿಳಿನ ‘ವಿಡು’, ತೆಲುಗಿನ ‘ವಿಡುಚು’ ಇವುಗಳ ಆದಿಯ ವಕಾರ ಕನ್ನಡದಲ್ಲಿ ಬಕಾರವಾಗಿದೆ, ಅಷ್ಟೆ. ಹೊಸಕೋಟೆ ತಾಲ್ಲೂಕಿನಲ್ಲಿ ಚೋಳರ ಕಾಲದಿಂದ ಮೊದಲ್ಗೊಂಡು ಕೆತ್ತಿದ ತಮಿಳು ಶಾಸನಗಳೂ ಇರುವುದರಿಂದ, ಈ ಎರಡು ಸೋದರ ರೂಪಗಳು ಒಂದೇ ಸೀಮೆಯ ಕಲ್ಲುಗಳಲ್ಲಿ ಒಂದೇ ಕೆಲಸ ಮಾಡಿದವು ಎನ್ನಬೇಕು. ಗ್ರೀಕಿನ ಹೋಲಿಕೆಯ ಬೆಲೆ ಬೇರೆ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ಬಗೆಯಲ್ಲಿ ಅರ್ಥವನ್ನು ಕವಲೊಡೆಸಿವೆಯೆಂದರೆ ಆ ಕವಲುಗಳಿಗೆ ಒಂದು ಬುಡವಿರಬೇಕು. ಯಾರೋ ಒಬ್ಬನ ಹಿಡಿತದಲ್ಲಿ ಒಂದು ವಸ್ತುವಿದೆ. ಅವನು ಆ ಹಿಡಿತವನ್ನು ಸಡಿಲಿಸುತ್ತಾನೆ. ಇದೇ ಆ ಬುಡ. ವಸ್ತು ಬಾಣವಾದರೆ ಅದು ಹಾರುತ್ತದೆ, ಸೆರೆಯಾಳಾದರೆ ನಡೆದು ಹೋಗುತ್ತಾನೆ, ಸಾಲವಾದರೆ ಇಲ್ಲವಾಗುತ್ತದೆ. ಮುಂದೇನಾಗುತ್ತದೆಂಬುದು ವಸ್ತುವಿನ ಸ್ವಭಾವ. ಧಾತು ಹೇಳುವುದು ಬಿಡುವವನ ಕೈಯ ಕಥೆಯನ್ನು ಮಾತ್ರ.

ಕೋಶಗಳು ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟೂ, ಲಿಡೆಲ್-ಸ್ಕಾಟ್ ಕೋಶವೂ ಅರ್ಥಗಳನ್ನು ಸಾಲಾಗಿ ನಿಲ್ಲಿಸುತ್ತವೆ. ಸಾಲು ಉದ್ದವಾದಷ್ಟೂ ಕೋಶ ಸಮೃದ್ಧ ಎಂಬ ಭಾವನೆ ಓದುಗನಿಗೆ ಬರುತ್ತದೆ. ವಾಸ್ತವದಲ್ಲಿ ಆ ಸಾಲಿನ ಉದ್ದ ಇಂಗ್ಲಿಷಿನ ಬಡತನವನ್ನು ಅಳೆಯುತ್ತದೆಯೇ ಹೊರತು ಮೂಲಧಾತುವಿನ ಅರ್ಥಬಾಹುಳ್ಯವನ್ನಲ್ಲ.

ಬಿಡುವವನ ಕೈಯ ಕಥೆ ಎಂದೆ. ಪ್ಲೇಟೋನ ‘ಅಪಾಲಜಿ’ಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ನ್ಯಾಯಾಧಿಕರಣದವರು ತನ್ನನ್ನು ಬಿಡುವುದಾಗಿ, ಆದರೆ ಇನ್ನು ಮುಂದೆ ತತ್ತ್ವಜಿಜ್ಞಾಸೆ ಮಾಡಬಾರದೆಂಬ ಷರತ್ತಿನ ಮೇಲೆ ಮಾತ್ರ ಬಿಡುವುದಾಗಿ ಹೇಳಿದರೆ ಏನು ಮಾಡಬೇಕೆಂದು ಸಾಕ್ರಟೀಸ್ ಕಲ್ಪಿಸಿಕೊಳ್ಳುತ್ತಾನೆ. ಅಲ್ಲಿ ಬಂದಿರುವುದು ‘ಅಫಿಯೇಮಿ’ಯೇ. ಬಿಡುವ ಅಧಿಕಾರವುಳ್ಳವನಿಗೆ ಷರತ್ತು ಹಾಕುವ ಅಧಿಕಾರವೂ ಇರುತ್ತದೆ. ಷರತ್ತು ಇರುವವರೆಗೆ ಕೈ ಪೂರ್ತಿ ತೆರೆದಿಲ್ಲ. ಸಾಕ್ರಟೀಸನು ಆ ಬಿಡುಗಡೆಯನ್ನು ನಿರಾಕರಿಸುವುದು ಈ ಕಾರಣಕ್ಕೇ.

ಈಗ ಪಪೈರಸ್‌ಗಳ ಆಡಳಿತದ ಗ್ರೀಕಿಗೆ ಬರೋಣ. ಕ್ರಿ.ಪೂ. ೧೯೬ರ ರೊಸೆಟ್ಟಾ ಶಿಲಾಶಾಸನದ ಗ್ರೀಕ್ ಪಾಠದಲ್ಲಿ ಐದನೆಯ ಟಾಲೆಮಿ ಕೆಲವು ತೆರಿಗೆಗಳನ್ನು ಪೂರ್ತಿಯಾಗಿ ಬಿಟ್ಟನೆಂದೂ ಕೆಲವನ್ನು ಹಗುರಗೊಳಿಸಿದನೆಂದೂ ಇದೆ. ‘ಬಿಟ್ಟನು’ ಎಂಬುದಕ್ಕೆ ಅಲ್ಲಿ ಇದೇ ಧಾತು. ಚಿತ್ರಲಿಪಿಯ ಬೀಗದ ಕೈ ಎಂದಷ್ಟೇ ನಾವು ಬಲ್ಲ ಆ ಕಲ್ಲು ಮೂಲತಃ ಒಂದು ಮಾನ್ಯಶಾಸನಕ್ಕೆ ಹತ್ತಿರವಾದ ದಾಖಲೆ. ಕ್ರಿ.ಪೂ. ೧೧೮ರ, ತೆಬ್ತುನಿಸ್‌ನಲ್ಲಿ ದೊರೆತ, ಎಂಟನೆಯ ಟಾಲೆಮಿ ಮತ್ತು ಇಬ್ಬರು ರಾಣಿಯರ ಆಜ್ಞೆ ಆರಂಭವಾಗುವುದೇ ಪ್ರಜೆಗಳನ್ನು ಅವರ ತಪ್ಪು ಅಪರಾಧಗಳಿಂದ ‘ಬಿಡುತ್ತೇವೆ’ ಎಂಬ ಘೋಷಣೆಯಿಂದ. ಮುಂದೆ ಬಾಕಿಗಳೂ ಅದೇ ರೀತಿ ಬಿಡಲ್ಪಡುತ್ತವೆ. ‘ಅಫೆಸಿಸ್’ ಎಂಬ ಭಾವನಾಮಕ್ಕೆ ಅದೇ ಈಜಿಪ್ಟಿನಲ್ಲಿ ಕಾಲುವೆಯ ನೀರು ಬಿಡುವಿಕೆ, ನೀರು ಬಿಡುವ ಬಾಯಿ ಎಂಬ ಅರ್ಥವೂ ಇತ್ತು. ಹೊಸಕೋಟೆಯ ದೊಡ್ಡಕೆರೆಯಂಥ ಕೆರೆಗಳ ಕೆಳಗಿನ ಅಚ್ಚುಕಟ್ಟನ್ನು ಬಲ್ಲವರಿಗೆ ಈ ಅರ್ಥವಿಸ್ತಾರ ವಿವರಿಸಬೇಕಿಲ್ಲ. ತೂಬಿನ ನೀರನ್ನು ಯಾವ ಗದ್ದೆಗೆ, ಎಷ್ಟು ಹೊತ್ತು ಬಿಡಬೇಕೆಂಬುದು ನೀರುಗಂಟಿಯ ಕೈಯಲ್ಲಿತ್ತು. ಬಿಟ್ಟವನೇ ನಿಲ್ಲಿಸಬಲ್ಲವನು.

ನಮ್ಮ ಚರ್ಚೆಗೆ ಅತ್ಯಂತ ಮುಖ್ಯವಾದ ಪ್ರಯೋಗ ಇನ್ನೊಂದಿದೆ. ಟಾಲೆಮಿಗಳ ಈಜಿಪ್ಟಿನಲ್ಲಿ ‘ರಾಜಭೂಮಿ’ಗೆ ಎದುರಾಗಿ ‘ಅಫೆಸಿಸ್‌ನಲ್ಲಿರುವ ಭೂಮಿ’ ಎಂಬ ಒಂದು ವರ್ಗವಿತ್ತು. ಗುಡಿಗಳ ಭೂಮಿ, ಸೈನಿಕರಿಗೆ ಹಂಚಿದ ಭೂಮಿ, ಅಧಿಕಾರಿಗಳಿಗೆ ಅನುಗ್ರಹಿಸಿದ ಭೂಮಿ ಇವೆಲ್ಲ ಅದರಲ್ಲಿ ಸೇರುತ್ತಿದ್ದವು. ನಮ್ಮ ದೇವದಾಯ, ಅಮರಮಾಗಣೆ, ಉಂಬಳಿಗಳನ್ನು ಒಂದೇ ತಲೆಬರಹದ ಕೆಳಗೆ ತಂದಂತೆ. ಈ ಭೂಮಿ ರಾಜನು ಪೂರ್ತಿಯಾಗಿ ಬಿಟ್ಟುಕೊಟ್ಟದ್ದೇ, ಅಥವಾ ರಾಜಭಾಗ ಸಂದಾಯವಾದ ಮೇಲೆ ಫಸಲನ್ನು ಹಿಡುವಳಿದಾರನಿಗೆ ‘ಬಿಡುವ’ ಏರ್ಪಾಟಿಗಷ್ಟೇ ಆ ಹೆಸರೇ ಎಂಬ ವಿಷಯದಲ್ಲಿ ಪಪೈರಸ್ ವಿದ್ವಾಂಸರಲ್ಲಿ ದೀರ್ಘ ಭಿನ್ನಾಭಿಪ್ರಾಯವಿದೆ. ಯಾವ ಪಕ್ಷ ಸರಿಯೆಂಬುದು ಇಲ್ಲಿ ಪ್ರಕೃತವಲ್ಲ. ‘ಬಿಡು’ ಎಂದಾಗ ಏನನ್ನು ಬಿಟ್ಟರು ಎಂಬ ಪ್ರಶ್ನೆಯನ್ನು ಅಲ್ಲಿಯ ವಿದ್ವಾಂಸರು ಕೇಳಿದರು. ನಾವು ಅಷ್ಟು ಹಟದಿಂದ ಕೇಳಲಿಲ್ಲ.

ಕೇಳಲಿಲ್ಲವೆಂಬುದಕ್ಕೆ ‘ಬಿಟ್ಟ ದತ್ತಿ’ ಎಂಬ ನಮ್ಮ ಶಾಸನಗಳ ಸಿದ್ಧಪ್ರಯೋಗವೇ ಸಾಕ್ಷಿ. ‘ದತ್ತಿ’ ಸಂಸ್ಕೃತದ ಕೊಡುವ ಧಾತುವಿನಿಂದ ಬಂದ ನಾಮ. ‘ಬಿಟ್ಟ’ ಕನ್ನಡದ ಸಡಿಲಿಸುವ ಧಾತುವಿನ ಕೃದಂತ. ನೆಲಮಂಗಲ ತಾಲ್ಲೂಕಿನ ಮಣ್ಣೆ, ಅಂದರೆ ಗಂಗರ ಮಾನ್ಯಪುರ, ಕ್ರಿ.ಶ. ೭೯೭ ಮತ್ತು ೮೦೨ರ ತಾಮ್ರಶಾಸನಗಳಿಗೆ ಪ್ರಸಿದ್ಧ. ಅಂಥ ಸಂಸ್ಕೃತ ತಾಮ್ರಪಟಗಳ ಲೋಕದಲ್ಲಿ ರಾಜನು ‘ಕೊಡುತ್ತಾನೆ’. ಕಲ್ಲಿನ ಕನ್ನಡಕ್ಕೆ ಬಂದಾಗ ಆ ಸಂಸ್ಕೃತ ನಾಮ ಉಳಿದು ಕ್ರಿಯಾಪದ ಮಾತ್ರ ಬದಲಾಗುತ್ತದೆ. ‘ಬಿಟ್ಟ ದತ್ತಿ’ ಎಂಬುದನ್ನು ಅಕ್ಷರಶಃ ಬಿಡಿಸಿದರೆ ‘ಸಡಿಲಿಸಿದ ಕೊಡುಗೆ’ ಎಂದಾಗುತ್ತದೆ. ರೈಸ್ ಅವರ ಅನುವಾದದಲ್ಲಿ ಕೊಟ್ಟದ್ದು, ಬಿಟ್ಟದ್ದು, ಧಾರೆಯೆರೆದದ್ದು ಎಲ್ಲವೂ ಸಾಮಾನ್ಯವಾಗಿ ‘ಗ್ರ್ಯಾಂಟ್’ ಎಂಬ ಒಂದೇ ಮಾತಿಗೆ ಬಂದು ನಿಲ್ಲುತ್ತವೆ. ಸಾವಿರಾರು ಶಾಸನಗಳನ್ನು ಓದಿ, ಬಿಡಿಸಿ, ಅಚ್ಚುಹಾಕಿಸಿದ ಒಬ್ಬ ಮನುಷ್ಯನಿಂದ ಪ್ರತಿ ಧಾತುವಿಗೂ ಬೇರೆ ಮಾತನ್ನು ನಿರೀಕ್ಷಿಸುವುದು ಅನ್ಯಾಯ. ಅವರ ಅನಂತರ ನೂರು ವರ್ಷ ಆ ‘ಗ್ರ್ಯಾಂಟ್’ ಅನ್ನೇ ಮತ್ತೆ ಕನ್ನಡಕ್ಕೆ ‘ದಾನ’ವೆಂದು ತಿರುಗಿಸಿಕೊಂಡವರ ಬಗ್ಗೆ ಅಷ್ಟು ಉದಾರವಾಗಿರಬೇಕಿಲ್ಲ.

ಎರಡು ಧಾತುಗಳ ವ್ಯಾಕರಣ ಬೇರೆ. ‘ಕೊಡು’ ಎಂಬುದಕ್ಕೆ ತೆಗೆದುಕೊಳ್ಳುವ ಕೈ ಬೇಕು. ಧಾರೆಯೆರೆಯುವ ವಿಧಿಯಲ್ಲಿ ಆ ಕೈ ಕಣ್ಣಿಗೆ ಕಾಣುವಂತೆಯೇ ಇರುತ್ತದೆ. ಆದುದರಿಂದಲೇ ‘ಕೊಡು’ವಿನಿಂದ ಹುಟ್ಟಿದ ‘ಕೊಡಗೆ’ಗಳೆಲ್ಲ ವ್ಯಕ್ತಿಯ ಕೆಲಸಕ್ಕೆ ಅಂಟಿಕೊಂಡಿವೆ: ಕೆರೆ ಕಟ್ಟಿದವನಿಗೆ ಕೆರೆಗೊಡಗೆ, ಕಾದಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ. ‘ಬಿಡು’ವಿಗೆ ಕೈಯ ಅಗತ್ಯವಿಲ್ಲ. ನಂದಾದೀವಿಗೆಗೆ ಬಿಡಬಹುದು, ಅಮೃತಪಡಿಗೆ ಬಿಡಬಹುದು, ಸತ್ರಕ್ಕೆ ಬಿಡಬಹುದು. ಸುಂಕ, ಕಾಣಿಕೆ, ತೆರೆ ಮುಂತಾದವುಗಳ ಮಾತು ಬಂದಾಗಲಂತೂ ‘ಬಿಡು’ವೇ ಸಹಜ, ಏಕೆಂದರೆ ತೆರಿಗೆಯನ್ನು ಕೊಡುವುದು ಪ್ರಜೆ, ಅರಸನು ಅದನ್ನು ಬಿಡಬಲ್ಲನೇ ಹೊರತು ಕೊಡಲಾರ. ಇದನ್ನು ಕಟ್ಟುನಿಟ್ಟಿನ ನಿಯಮವೆಂದು ಮಂಡಿಸುತ್ತಿಲ್ಲ. ದೇವರಿಗೆ ‘ಕೊಟ್ಟ’ ಊರುಗಳೂ, ವ್ಯಕ್ತಿಗಳಿಗೆ ‘ಬಿಟ್ಟ’ ಗದ್ದೆಗಳೂ, ‘ಬಿಟ್ಟುಕೊಟ್ಟ’ ಎಂದು ಎರಡನ್ನೂ ಬೆಸೆದ ಪ್ರಯೋಗಗಳೂ ಬೇಕಾದಷ್ಟು ಸಿಗುತ್ತವೆ. ಆದರೂ ಒಲವು ಸ್ಪಷ್ಟವಾಗಿದೆ.

ಒಲವನ್ನು ಒಪ್ಪಿದರೆ ಭೂಸಂಬಂಧದ ಚಿತ್ರ ಬದಲಾಗುತ್ತದೆ. ಒಂದು ಊರನ್ನು ಗುಡಿಗೆ ‘ಬಿಟ್ಟ’ಾಗ ಆ ಊರಿನಲ್ಲಿ ಉಳುವವನು ಮೊದಲೂ ಇದ್ದ, ಅನಂತರವೂ ಇದ್ದ. ಅರಸು ತನ್ನ ಪಾಲಿನ ಮೇಲಿನ ಹಿಡಿತ ಸಡಿಲಿಸಿತು. ಆ ಪಾಲು ಗುಡಿಯ ಭಂಡಾರದತ್ತ ಹರಿಯಿತು. ಉಳುವವನಿಗೆ ಯಾವ ಬಿಡುಗಡೆಯೂ ಆಗಲಿಲ್ಲ. ಅವನು ತೆರುವ ದಿಕ್ಕು ಮಾತ್ರ ತಿರುಗಿತು. ವಿಜಯನಗರ ಕಾಲದಲ್ಲಿ ಮತ್ತು ಅದರ ಅನಂತರ ಆವತಿ, ಸುಗಟೂರು ಮನೆತನಗಳ ನಾಡಪ್ರಭುಗಳು ಈ ಸೀಮೆಯನ್ನು ಆಳಿದಾಗ ಸ್ಥಿತಿ ಇನ್ನೂ ಜಟಿಲ. ಅಂಥ ಪ್ರಭುವಿನ ಕೈಯಲ್ಲಿದ್ದದ್ದು ಮೇಲಿನ ಅರಸನಿಂದ ಬಂದ ಹಿಡಿತ. ತನ್ನ ಕೈಯಲ್ಲಿ ಎಷ್ಟಿದೆಯೋ ಅಷ್ಟನ್ನೇ ಅವನು ಬಿಡಬಲ್ಲ. ‘ದಾನ’ವೆಂಬ ಮಾತು ಈ ಮೆಟ್ಟಿಲುಗಳನ್ನೆಲ್ಲ ಅಳಿಸಿ, ಒಬ್ಬ ಯಜಮಾನನು ಇನ್ನೊಬ್ಬನಿಗೆ ತನ್ನ ಸ್ವತ್ತನ್ನು ವರ್ಗಾಯಿಸಿದ ಚಿತ್ರವನ್ನು ಮುಂದಿಡುತ್ತದೆ. ಶಾಸನಾಂತ್ಯದ ಶಾಪಾಶಯಗಳಲ್ಲಿ, ಬಿಟ್ಟದ್ದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪವೆಂದು ಕೆತ್ತಿಸಬೇಕಾಗಿ ಬಂದದ್ದಕ್ಕೂ ಇದೇ ಕಾರಣವಿರಬೇಕು. ಸಡಿಲಿಸಿದ ಹಿಡಿತವನ್ನು ಮುಂದೆ ಬರುವವನು ಮತ್ತೆ ಬಿಗಿಯಬಲ್ಲ.

ಇದು ಕೇವಲ ಪದವಿಚಾರವಲ್ಲ. ಸ್ವಾತಂತ್ರ್ಯಾನಂತರ ೧೯೫೪ ಮತ್ತು ೧೯೫೫ರ ಮೈಸೂರು ಇನಾಂ ರದ್ದತಿ ಕಾಯಿದೆಗಳು ಜಾರಿಗೆ ಬಂದಾಗ, ಮೊದಲನೆಯದು ವೈಯಕ್ತಿಕ ಇನಾಂಗಳನ್ನೂ ಎರಡನೆಯದು ಧಾರ್ಮಿಕ ಮತ್ತು ಧರ್ಮಾದಾಯ ಇನಾಂಗಳನ್ನೂ ಕುರಿತಾಗಿದ್ದವು. ಇನಾಂದಾರನಿಗೆ ಸಂದದ್ದು ನೆಲವೇ, ನೆಲದ ಕಂದಾಯವೇ ಎಂಬ ಪ್ರಶ್ನೆಯೇ ಅಂಥ ವ್ಯಾಜ್ಯಗಳ ತಿರುಳು. ಗೇಣಿದಾರನ ಹಕ್ಕು ನಿಂತದ್ದು ಅದರ ಉತ್ತರದ ಮೇಲೆ. ಕಲ್ಲಿನಲ್ಲಿ ‘ಬಿಟ್ಟ’ ಎಂದಿದ್ದು ಅನುವಾದದಲ್ಲಿ ‘ದಾನ’ವಾಗಿ ಬಂದರೆ ಉತ್ತರ ಒಂದು ಕಡೆಗೆ ವಾಲುತ್ತದೆ.

ಶಬ್ದಸಾಮ್ಯದಿಂದ ಮೋಸಹೋಗುವ ಅಪಾಯವೂ ಇದೆ. ಶಾಸನಗಳ ತೆರಿಗೆಪಟ್ಟಿಯಲ್ಲಿ ಬರುವ, ಕೂಲಿಯಿಲ್ಲದ ದುಡಿಮೆ ಎಂಬರ್ಥದ ‘ಬಿಟ್ಟಿ’ ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು, ‘ಬಿಡು’ವಿನ ಮಗುವಲ್ಲ. ಕೆರೆಗೆ ಸಂಬಂಧಿಸಿದ ‘ಬಿತ್ತುವಟ್ಟ’ದಲ್ಲಿ ಇರುವುದು ಬಿತ್ತು, ಅಂದರೆ ಬೀಜ. ಗ್ರೀಕಿನಲ್ಲಿಯೂ ಪವಿತ್ರಗೊಳಿಸಿ ಸಮರ್ಪಿಸು ಎಂಬರ್ಥದ ‘ಅಫಿಯೆರೊಓ’ ಕಿವಿಗೆ ನಮ್ಮ ಧಾತುವಿನಂತೆಯೇ ಕೇಳಿದರೂ ‘ಹಿಯೆರೊಸ್’, ಅಂದರೆ ‘ಪವಿತ್ರ’, ಎಂಬ ಬೇರೆಯೇ ಪದದಿಂದ ಬಂದದ್ದು. ‘ಬೀಡು’, ‘ಬಿಡಾರ’, ಮದುವೆಯ ‘ಬಿಡದಿ’ ಇವು ಮಾತ್ರ ನಿಜವಾದ ಬಳಗ. ಪಯಣಿಗರು ಹೊರೆ ಬಿಚ್ಚಿ ಎತ್ತು ಕುದುರೆಗಳನ್ನು ಬಿಡುವ ಸ್ಥಳಗಳು ಅವು. ಗ್ರೀಕಿನಲ್ಲಿ ತಂಗುಮನೆಗಿರುವ ‘ಕತಾಲುಮ’ ಎಂಬ ಹೆಸರೂ ‘ಬಿಚ್ಚು’ ಎಂಬರ್ಥದ ಧಾತುವಿನಿಂದಲೇ ಹುಟ್ಟಿದೆ.

ದೇವರ ಹೆಸರಿನಲ್ಲಿ ಜೀವಿಗಳನ್ನು ಬಿಡುವ ಪದ್ಧತಿಯಲ್ಲಿ ಎರಡು ಭಾಷೆಗಳ ಹೋಲಿಕೆ ಮನಸ್ಸನ್ನು ಕಲಕುತ್ತದೆ. ನಮ್ಮ ಹಳ್ಳಿಗಳಲ್ಲಿ ಹರಕೆಹೊತ್ತು ಬಸವನನ್ನು ಬಿಡುತ್ತಾರೆ. ಆ ಹೋರಿಯನ್ನು ಯಾರೂ ಹೂಡುವಂತಿಲ್ಲ, ಯಾರ ಹೊಲದಲ್ಲಿ ಮೇದರೂ ಹೊಡೆಯುವಂತಿಲ್ಲ. ಗ್ರೀಕಿನಲ್ಲಿ ಹೀಗೆ ಕೆಲಸದಿಂದ ಬಿಟ್ಟ ದೇವರ ದನಗಳಿಗೆ ‘ಅಫೆತೊಸ್’ ಎಂದು ಹೆಸರು. ಪ್ಲೇಟೋ ‘ಕ್ರಿಟಿಯಾಸ್’ನಲ್ಲಿ ಪೊಸೈಡನ್ ಗುಡಿಯ ಹೋರಿಗಳಿಗೆ ಆ ಮಾತನ್ನು ಬಳಸಿದ್ದಾನೆ. ಯೂರಿಪಿಡೀಸ್ ಅದೇ ವಿಶೇಷಣವನ್ನು ದೆಲ್ಫಿಯ ಗುಡಿಯಲ್ಲಿ ಬೆಳೆದ ಹುಡುಗ ಇಯಾನ್‌ಗೆ ಅಂಟಿಸುತ್ತಾನೆ. ಇಲ್ಲಿ ಓದು ನಿಲ್ಲುತ್ತದೆ, ಏಕೆಂದರೆ ಬಳ್ಳಾರಿ ಮೊದಲಾದ ಕಡೆಗಳಲ್ಲಿ ಹೆಣ್ಣುಮಕ್ಕಳನ್ನು ‘ಬಸವಿ ಬಿಡುವ’ ರೂಢಿಗೂ ನಮ್ಮ ಭಾಷೆ ಇದೇ ಕ್ರಿಯಾಪದವನ್ನು ಬಳಸಿತು. ಹೋರಿ ಬಿಟ್ಟ ಮೇಲೆ ನಿಜಕ್ಕೂ ನೊಗದಿಂದ ಪಾರಾಗುತ್ತದೆ. ಹುಡುಗಿಗೆ ಸಿಕ್ಕದ್ದು ಮದುವೆಯಿಂದ ಬಿಡುಗಡೆ ಮತ್ತು ಊರಿನ ಹಿಡಿತ. ೧೯೮೨ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ ಆ ಆಚರಣೆಯನ್ನ ‘ಸಮರ್ಪಣೆ’ ಎಂದು ಕರೆದಿದೆ. ಕಾಯಿದೆಯ ಮಾತು ಗೌರವಯುತವಾದದ್ದು. ಜನರ ಮಾತು ಕ್ರೂರವಾದರೂ ನಡೆದದ್ದನ್ನು ಹೆಚ್ಚು ಸರಿಯಾಗಿ ಹೇಳುತ್ತದೆ.

ಗ್ರೀಕಿನ ಧಾತು ಕ್ಷಮೆಯವರೆಗೆ ಬೆಳೆದಂತೆ ಕನ್ನಡದ್ದು ಬೆಳೆಯಲಿಲ್ಲ. ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ಕುರುಬನು ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಹೋಗುವುದು, ಅರಸನು ಆಳಿನ ಸಾಲ ಬಿಡುವುದು, ಸೋದರನ ತಪ್ಪನ್ನು ಮನ್ನಿಸುವುದು ಮೂರಕ್ಕೂ ‘ಅಫಿಯೇಮಿ’ಯೇ. ಕನ್ನಡ ಅನುವಾದಗಳು ತಪ್ಪಿನ ಬಳಿಗೆ ಬಂದಾಗ ‘ಕ್ಷಮಿಸು’ ಎನ್ನುತ್ತವೆ. ಅದು ಸಹಿಸು ಎಂಬ ಮೂಲದ ಸಂಸ್ಕೃತ ಧಾತು. ಸಹಿಸುವವನು ನೋವನ್ನು ತನ್ನಲ್ಲಿ ಇಟ್ಟುಕೊಳ್ಳುತ್ತಾನೆ. ಬಿಡುವವನು ತನಗೆ ಬರಬೇಕಾದದ್ದರ ಮೇಲಿನ ಹಕ್ಕನ್ನು ಬಿಡುತ್ತಾನೆ. ಸಾಲಕ್ಕೂ ಪಾಪಕ್ಕೂ ಗ್ರೀಕು ಕಟ್ಟಿದ ಸೇತುವೆ ಅನುವಾದದಲ್ಲಿ ಕುಸಿದಿದೆ. ಅನುವಾದಕರಿಗೆ ಬೇರೆ ದಾರಿಯಿತ್ತೆಂದು ನನಗೆ ಅನಿಸುವುದಿಲ್ಲ. ‘ನನ್ನ ಪಾಪ ಬಿಡು’ ಎಂದರೆ ಕನ್ನಡದಲ್ಲಿ ಪಾಪವನ್ನು ತಿರಸ್ಕರಿಸೆಂದೋ, ಅದರ ಮಾತೇ ಬೇಡವೆಂದೋ ಆಗುತ್ತದೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ೧,೭೭೭ ಎಕರೆ ಭೂಸ್ವಾಧೀನವನ್ನು ವಿರೋಧಿಸಿ ರೈತರು ಸಾವಿರಕ್ಕೂ ಹೆಚ್ಚು ದಿನ ಹೋರಾಟ ನಡೆಸಿದ ಮೇಲೆ, ೨೦೨೫ರ ಜುಲೈನಲ್ಲಿ ರಾಜ್ಯ ಸರ್ಕಾರ ಆ ಪ್ರಸ್ತಾಪವನ್ನು ‘ಕೈಬಿಟ್ಟ’ುದಾಗಿ ಪ್ರಕಟಿಸಿತು. ಸ್ವಇಚ್ಛೆಯಿಂದ ಜಮೀನು ‘ಕೊಡಲು’ ಮುಂದೆ ಬರುವವರಿಂದ ಹೆಚ್ಚಿನ ಪರಿಹಾರ ನೀಡಿ ಪಡೆಯುವುದಾಗಿಯೂ ಅದೇ ಸಂದರ್ಭದಲ್ಲಿ ಹೇಳಲಾಯಿತು. ಗಂಗರ ತಾಮ್ರಪಟಗಳ ಕಾಲದಲ್ಲಿ ‘ಸರ್ವಬಾಧಾಪರಿಹಾರ’ವೆಂದರೆ ಆ ನೆಲದಿಂದ ಅರಸನ ಆಳುಗಳು ಏನನ್ನೂ ಪಡೆಯಬಾರದೆಂಬ ವಿನಾಯಿತಿ, ಇಂದು ‘ಪರಿಹಾರ’ವೆಂದರೆ ನೆಲವನ್ನು ಪಡೆದದ್ದಕ್ಕೆ ಕೊಡುವ ಹಣ. ಒಂದೇ ಪ್ರಕಟಣೆಯಲ್ಲಿ ಸರ್ಕಾರಕ್ಕೆ ‘ಬಿಡು’, ರೈತನಿಗೆ ‘ಕೊಡು’ ಎಂದು ಎರಡು ಧಾತುಗಳು ಹಂಚಿಹೋಗಿವೆ. ಶಾಸನಗಳಲ್ಲಿ ಅರಸ ಮತ್ತು ಪ್ರಜೆಯ ನಡುವೆಯೂ ಅವು ಹೀಗೆಯೇ ಹಂಚಿಹೋಗಿದ್ದವು.